ಕೊಸರು ಮಾರ್ಕಿನ ಬಾಟಲಿ

ನಮ್ಮ ಬೀದಿಯ ಆಚೆ ತುದಿಯಲ್ಲಿರುವ ಹೊಸ ಟೀಚರ್ ಹುಡುಗಿ ಮೊನ್ನೆ ಮನೆಗೆ ಬಂದಿದ್ದಳು. ಕೂತವಳೇ ಗೋಳು ಶುರು ಮಾಡಿದಳು. "ಗೌರಿ ಟೀಚರ್, ಏಳನೇ ಕ್ಲಾಸಿಗೆ ವಿಜ್ಞಾನದ ಪ್ರಾಜೆಕ್ಟ್ ಕೊಟ್ಟರೆ ಅಪ್ಪ ಅಮ್ಮಂದಿರೇ ಮಾಡಿ ಕಳಿಸ್ತಾರೆ. ಥರ್ಮೋಕೋಲಿನ ಜ್ವಾಲಾಮುಖಿಯೇ ಮೇಜಿನ ತುಂಬ. ಪುಸ್ತಕ ಓದಿ ವರದಿ ಬರೀರಿ ಅಂದರೆ ಫೋನು ನೋಡಿ ಇಳಿಸ್ತಾರೆ. ನಿಮ್ಮ ಕಾಲದಲ್ಲಿ ಹೀಗಿರಲಿಲ್ಲ ಅಲ್ವಾ?"

ಇರಲಿಲ್ಲ ತಾಯಿ. ನಮ್ಮ ಕಾಲದಲ್ಲಿ ಪ್ರಾಜೆಕ್ಟನ್ನು ಆನೆ ತಿನ್ನುತ್ತಿತ್ತು, ಪುಸ್ತಕವನ್ನು ಆಡು ತಿನ್ನುತ್ತಿತ್ತು. ಉಳಿದದ್ದಕ್ಕೆ ನಾನು ಮಾರ್ಕು ಕೊಡುತ್ತಿದ್ದೆ.

ಅವಳು ನಕ್ಕಳು, ಚಹಾ ಕುಡಿದಳು, ಎದ್ದು ಹೋದಳು. ನನಗೆ ಮಾತ್ರ ನಿದ್ದೆಗೆ ಬಿದ್ದ ನೆನಪುಗಳೆಲ್ಲ ಎದ್ದು ಕೂತವು. ಬಡ್ತಿ ಯಾವಾಗ ಬಂತು, ಶಾಲು ಯಾರು ಹೊದಿಸಿದರು, ಅದೆಲ್ಲ ನನಗೇ ಮರೆತಿದೆ. ಮರೆಯದೆ ಇರುವುದು ಒಂದು ಬಾಟಲಿ. ಅದರ ಕಥೆಯನ್ನು ಆ ಹುಡುಗಿಗೆ ಹೇಳುವ ಹಾಗೆ ಇಲ್ಲಿ ಬರೆದಿಡುತ್ತೇನೆ.

ಆಗ ವಯನಾಡಿನ ಮುಳ್ಳನ್‌ಕೊಲ್ಲಿಯ ಕಡೆ ಎಲ್ಲಿ ನೋಡಿದರೂ ಹೊಸ ಗುಡಿಸಲುಗಳು ಏಳುತ್ತಿದ್ದವು. ತಿರುವಾಂಕೂರಿನ ಕಡೆಯಿಂದ ಜನ ಪಾತ್ರೆ, ಕೋಳಿ, ಶಿಲುಬೆ, ಮರಗೆಣಸಿನ ಕಡ್ಡಿಯ ಕಟ್ಟು ಎಲ್ಲವನ್ನೂ ಬಸ್ಸಿನ ತಲೆಯ ಮೇಲೆ ಹೇರಿಕೊಂಡು ಬಂದು ಇಳಿಯುತ್ತಿದ್ದರು. ಇಳಿದ ಮರುದಿನವೇ ಕೊಡಲಿಯ ಸದ್ದು. ನಾವು ಕನ್ನಡದ ಗೌಡರ ಮನೆಯವರು ಅಜ್ಜನ ಕಾಲದಲ್ಲೇ ಕಬಿನಿ ದಾಟಿ ಬಂದು ಗದ್ದೆ ಮಾಡಿಕೊಂಡಿದ್ದವರು. ನಾವೂ ಬಂದವರೇ. ಆದರೆ ಮೊದಲು ಬಂದವರಿಗೆ ಆಮೇಲೆ ಬಂದವರ ಮೇಲೆ ಒಂದು ಠೀವಿ ಇದ್ದೇ ಇರುತ್ತದಲ್ಲ, ಅದು ನಮ್ಮವರಿಗೂ ಧಾರಾಳವಾಗಿ ಇತ್ತು.

ನಾನು ಟೀಚರಾಗಿ ಸೇರಿದ ಶಾಲೆಗೆ ಬಿದಿರಿನ ತಟ್ಟಿಯೇ ಗೋಡೆ, ಹುಲ್ಲಿನ ಮಾಡು. ಆರನೆಯ ಕ್ಲಾಸಿನಲ್ಲಿ ಪಾಠ ಮಾಡಿದರೆ ಏಳನೆಯವರು ಉತ್ತರ ಹೇಳುತ್ತಿದ್ದರು. ಪಾಠವೆಲ್ಲ ಮಲಯಾಳದಲ್ಲಿ. ವಲಸೆ ಬಂದವರ ಮಕ್ಕಳಿಗೆ ಅದು ಮನೆಮಾತು. ನಮ್ಮ ಗೌಡರ ಮಕ್ಕಳು ಅಂಗಡಿಯಲ್ಲಿ, ಹಾದಿಯಲ್ಲಿ ಮಲಯಾಳವನ್ನು ಪಟಪಟ ಮಾತಾಡುತ್ತಿದ್ದರು, ಬರೆಯಲು ಕೂತರೆ ಮಾತ್ರ ಕೈ ಕಟ್ಟಿದ ಹಾಗಾಗುತ್ತಿತ್ತು. ಜೊತೆಗೆ ಜ್ವರ. ಚಳಿಜ್ವರ ಬಂತೆಂದರೆ ಮಗು ತಿಂಗಳುಗಟ್ಟಲೆ ಶಾಲೆಗೆ ಇಲ್ಲ. ತಿರುಗಿ ಬಂದಾಗ ಪಾಠ ಎಲ್ಲಿಗೋ ಹೋಗಿರುತ್ತಿತ್ತು. ಪರೀಕ್ಷೆಯಲ್ಲಿ ಸೊನ್ನೆ ಸುತ್ತಿ ಕೊಡಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಅದಕ್ಕೇ ಒಂದು ಉಪಾಯ ಹೂಡಿದೆ. ವಿಜ್ಞಾನದಲ್ಲಿ ಹಿಂದೆ ಬಿದ್ದವರು ಒಂದೋ ಏನಾದರೂ ಕಣ್ಣಾರೆ ಗಮನಿಸಿ ಬಂದು ಹೇಳಬೇಕು, ಇಲ್ಲವೇ ಶಾಲೆಯ ಟ್ರಂಕಿನಲ್ಲಿರುವ ಒಂದು ಪುಸ್ತಕ ಓದಿ ಅದರಲ್ಲಿ ಏನಿದೆ ಎಂದು ಹೇಳಬೇಕು. ಅದಕ್ಕೆ ಐದು ಮಾರ್ಕು ಹೆಚ್ಚಿಗೆ. ಎರಡನ್ನೂ ಮಾಡಿದರೆ ಹತ್ತು. ಸೊಪ್ಪು ಕೊಂಡಾಗ ಮೇಲೆ ಒಂದು ಹಿಡಿ ಹಾಕುತ್ತಾರಲ್ಲ, ಆ ಕೊಸರಿನ ಹಾಗೆ. ಕನ್ನಡದ ಮಕ್ಕಳು 'ಕೊಸರು ಮಾರ್ಕು' ಅಂದರು. ಅರ್ಥ ಗೊತ್ತಿಲ್ಲದ ಮಲಯಾಳಿ ಮಕ್ಕಳೂ ಅದನ್ನೇ ಹಿಡಿದುಕೊಂಡರು.

ನಮ್ಮ ಹೆಡ್‌ಮಾಷ್ ಕಣಾರನ್ ಮಾಷ್, ಅಂದರೆ ಕಣಾರನ್ ಮೇಷ್ಟ್ರು, ಕಡಲ ದಡದ ವಡಗರೆಯ ಕಡೆಯವರು. ಬೆಟ್ಟದ ಚಳಿಗೂ ಜಿಗಣೆಗೂ ನಿತ್ಯ ಶಾಪ ಹಾಕುತ್ತಾ, ಆದರೂ ಒಂದು ದಿನವೂ ತಡವಾಗಿ ಬಾರದ ಮನುಷ್ಯ. ನಶ್ಯದ ಡಬ್ಬಿ ಒಂದು ಕೈಯಲ್ಲಿ, ಕೊಡೆ ಇನ್ನೊಂದು ಕೈಯಲ್ಲಿ. ನನ್ನ ಉಪಾಯ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆಂದರೆ 'ಇಲ್ಲ' ಎಂದರ್ಥ.

"ಟೀಚರೇ, ಮಾರ್ಕು ಸರಕಾರದ ಸೊತ್ತು. ಸಂತೆಯ ಸೊಪ್ಪಲ್ಲ."

"ಜ್ವರಾನೂ ಸರಕಾರದ್ದೇ ಮಾಷೇ? ಅದನ್ನ ಇಲ್ಲಿ ಧಾರಾಳವಾಗಿ ಹಂಚ್ತಾ ಇದ್ದಾರಲ್ಲ."

ಅವರು ಒಮ್ಮೆ ಸೀನಿದರು. ಕೊನೆಗೆ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಕೊಡುವ ಪ್ರತಿ ಕೊಸರು ಮಾರ್ಕಿಗೂ ಮೇಜಿನ ಮೇಲೆ ಸಾಕ್ಷಿ ಇರಬೇಕು. ಮೇಲಿನ ಅಧಿಕಾರಿ ಬಂದು ಕೇಳಿದರೆ "ಇದಕ್ಕೆ ಕೊಟ್ಟೆವು" ಎಂದು ಎತ್ತಿ ತೋರಿಸುವಂತಿರಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು ನಮ್ಮ ಕಡೆಯ ಗಾದೆ. ವಡಗರೆಯ ಈ ಮನುಷ್ಯ ಅದನ್ನು ನಮಗಿಂತ ಹೆಚ್ಚಾಗಿ ನಂಬಿದ್ದರು.

ಸಾಕ್ಷಿ ಬರತೊಡಗಿತು ನೋಡಿ. ಬೀಜ ಮೊಳೆಯುವುದನ್ನು ಗಮನಿಸಿ ಬನ್ನಿ ಎಂದರೆ ವಲಸೆಯವರ ಮಕ್ಕಳೆಲ್ಲ ಮರಗೆಣಸಿನ ಕಡ್ಡಿ ಹೊತ್ತು ತಂದರು. "ಇದು ಬೀಜವಲ್ಲ, ಕಾಂಡ" ಎಂದೆ. ಔಸೇಪ್ಪ್ ಎಂಬ ಹುಡುಗ ನನ್ನನ್ನೇ ಕರುಣೆಯಿಂದ ನೋಡಿ, "ಟೀಚರ್, ನಮ್ಮನೇಲಿ ಇದನ್ನೇ ಬಿತ್ತೋದು, ಇದನ್ನೇ ಅಗೆಯೋದು, ಇದನ್ನೇ ತಿನ್ನೋದು. ಬೇರೆ ಬೀಜ ಯಾವ ಮನೇಲಿದೆ ಹೇಳಿ, ಹೋಗಿ ನೋಡ್ತೀನಿ" ಎಂದ. ಆ ವರ್ಷ ಅವರು ಮೂರು ಹೊತ್ತೂ ಗೆಣಸೇ ತಿಂದಿದ್ದರು. ನಾನು ಮಾರ್ಕು ಕೊಟ್ಟೆ.

ಇನ್ನೊಬ್ಬ ಬಾಳೆಯ ಕಂದು ವಾರ ವಾರ ಎಷ್ಟು ಬೆಳೆಯುತ್ತದೆಂದು ಗೇಣು ಹಾಕಿ ಬರೆಯುತ್ತಿದ್ದ. ಮೊದಲ ವಾರ ಒಂದು ಗೇಣು, ಎರಡನೆಯ ವಾರ ಒಂದೂವರೆ ಗೇಣು. ಮೂರನೆಯ ವಾರದ ಮುಂದೆ ಒಂದೇ ಪದ: 'ಆನೆ.' ಕಣಾರನ್ ಮಾಷ್ ಸಾಕ್ಷಿ ಕೇಳಿದರು. ಅವನು ಮಾರನೆಯ ದಿನ ಕುಕ್ಕೆಯಲ್ಲಿ ಆನೆಯ ಲದ್ದಿ ತಂದು ಅವರ ಮೇಜಿನ ಮೇಲಿಟ್ಟ. ಷರತ್ತು ಹಾಕಿದವರು ಅವರೇ. ಆ ವಾರವೆಲ್ಲ ಹೆಡ್‌ಮಾಷ್ ನಶ್ಯ ಸ್ವಲ್ಪ ಹೆಚ್ಚಾಗಿಯೇ ಏರಿಸಿದರು.

ಪುಸ್ತಕದ ವರದಿಗಳದು ಮತ್ತೊಂದು ಕಥೆ. ಬಹಳಷ್ಟು ಮಕ್ಕಳು 'ಈ ಪುಸ್ತಕ ತುಂಬಾ ಚೆನ್ನಾಗಿದೆ, ಎಲ್ಲರೂ ಓದಬೇಕು' ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಒಬ್ಬ ಮಾತ್ರ ಹೀಗೆ ಬರೆದ: 'ಮೊದಲ ಭಾಗ ಗೆದ್ದಲು ತಿಂದಿದೆ. ಕೊನೆಯ ಭಾಗವನ್ನು ನಿನ್ನೆ ನಮ್ಮ ಆಡು ತಿಂದಿತು. ನಡುವೆ ಒಂದು ತಿಮಿಂಗಿಲ ಇದೆ. ಅದು ಎಲ್ಲಿಂದ ಬಂತು, ಏನಾಯಿತು ನನಗೆ ಗೊತ್ತಿಲ್ಲ. ಚಿಂತೆ ಆಗುತ್ತಿದೆ.' ಇಡೀ ಕ್ಲಾಸಿನಲ್ಲಿ ಸುಳ್ಳು ಹೇಳದವನು ಅವನೊಬ್ಬನೇ. ಪೂರ್ತಿ ಐದು ಕೊಟ್ಟೆ. ತಾಯಿ, ನೀನೂ ಇಂಥದ್ದು ಸಿಕ್ಕರೆ ಬಿಡಬೇಡ.

ಈಗ ಮಾದೇವಿಯ ವಿಷಯಕ್ಕೆ ಬರುತ್ತೇನೆ. ಗದ್ದೆಯಾಚೆಯ ಮಾಸ್ತಿಗೌಡನ ಮಗಳು, ಏಳನೆಯ ಕ್ಲಾಸು. ಲೆಕ್ಕಕ್ಕೆ ಭಾಷೆ ಬೇಡ, ಅದರಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಉಳಿದವು ಹೇಗೋ ದಡ ಮುಟ್ಟುತ್ತಿದ್ದವು. ವಿಜ್ಞಾನದಲ್ಲಿ ಮಾತ್ರ ಪುಟಗಟ್ಟಲೆ ಬರೆಯಬೇಕು, ಅಲ್ಲಿ ಮುಗ್ಗರಿಸುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಅವಳ ಪುಟ್ಟ ತಮ್ಮ ಚಳಿಜ್ವರದಲ್ಲಿ ತೀರಿಕೊಂಡಿದ್ದ. ತಾಯಿ ಹಾಸಿಗೆ ಹಿಡಿದಿದ್ದಳು. ಮನೆಗೆಲಸವೆಲ್ಲ ಮಾದೇವಿಯ ತಲೆಯ ಮೇಲೆ ಬಿದ್ದು ಅವಳು ಅರ್ಧ ವರ್ಷ ಶಾಲೆಗೇ ಬಂದಿರಲಿಲ್ಲ.

ಅವಳನ್ನು ತಿರುಗಿ ಕರೆತರಲು ನಾನೇ ಅವರ ಮನೆಗೆ ಹೋಗಿದ್ದೆ. ಮಾಸ್ತಿಗೌಡ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಮೊದಲೆಲ್ಲ ದೂರದಿಂದಲೇ ಕೂಗಿ ಮಾತಾಡಿಸುತ್ತಿದ್ದ ಮನುಷ್ಯ ಈಗ ತಲೆಯೆತ್ತಲಿಲ್ಲ.

"ಈ ಪರೀಕ್ಸೆಲಿ ಪಾಸಾದ್ರೆ ಮುಂದಕ್ಕೆ ಓದ್ಲಿ ಟೀಚರವ್ವ. ಇಲ್ದಿದ್ರೆ ಬುಡಿ, ಮನೇಲಿರ್ಲಿ. ಗದ್ದೆ ಕಾವಲಿಗೂ ಆಳಿಲ್ಲ" ಎಂದ. ಆಮೇಲೆ ನಾನು ಕೇಳದೆಯೇ ಹೇಳಿದ: "ಹೊಸ ನೀರು ಬಂದಾಗ ಮಗೀನ ಹೊಳೆಗೆ ಕರ್ಕೊಂಡೋಗಿ ಮೀಸ್ದವ ನಾನೇ ಕನವ್ವ."

ನಮ್ಮವರಲ್ಲಿ ಅದೇ ನಂಬಿಕೆ. ಮೊದಲ ಮಳೆಗೆ ಹೊಳೆಗೆ ಕೆಂಪಾಗಿ ಬರುತ್ತದಲ್ಲ ಹೊಸ ನೀರು, ಅದರಲ್ಲಿ ಮಿಂದರೆ ಜ್ವರ ಎಂದು. ವಲಸೆಯವರದು ಬೇರೆ ವಾದ. ಕಾಡು ಕಡಿದಾಗ ನೆಲದಿಂದ ಆವಿ ಏಳುತ್ತದೆ, ಅದೇ ಜ್ವರ ಎಂದು ಅವರು. ಮಾಸ್ತಿಗೌಡನಿಗೆ ನಾನು ಏನು ಹೇಳಿದರೂ ಕಿವಿಗೆ ಹೋಗುವಂತಿರಲಿಲ್ಲ. ಮಾದೇವಿ ಒಳಗೆ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಶಾಲೆಗೆ ಬಂದವಳಿಗೆ ಟ್ರಂಕಿನಿಂದ ಒಂದು ತೆಳ್ಳಗಿನ ಪುಸ್ತಕ ತೆಗೆದುಕೊಟ್ಟೆ. ಚಳಿಜ್ವರಕ್ಕೂ ಸೊಳ್ಳೆಗೂ ಏನು ಸಂಬಂಧ ಎನ್ನುವುದು ಅದರಲ್ಲಿತ್ತು, ಚಿತ್ರಸಹಿತ. ಪಕ್ಕದಲ್ಲಿ ಕೂರುತ್ತಿದ್ದ ಏಲಿಕುಟ್ಟಿ ವಲಸೆಯವರ ಮಗಳು, ಗಿಣಿಯ ಹಾಗೆ ಓದುತ್ತಿದ್ದಳು. ಏನು ಓದಿದೆ ಎಂದು ಕೇಳಿದರೆ ಗಿಣಿಯ ಹಾಗೇ ಕಣ್ಣು ಮಿಟುಕಿಸುತ್ತಿದ್ದಳು. ಇಬ್ಬರನ್ನೂ ಜೋಡಿ ಮಾಡಿದೆ. ಏಲಿ ಮಲಯಾಳದಲ್ಲಿ ಓದುವುದು, ಮಾದೇವಿ ಕೇಳಿ ಕನ್ನಡದಲ್ಲಿ ನನಗೆ ಹೇಳುವುದು.

ಅವಳು ಹೇಳಿದಳು ನೋಡಿ. ಒಂದೂ ಬಿಡದೆ, ಒಂದೂ ಸೇರಿಸದೆ. ವರದಿಯ ಐದು ಮಾರ್ಕು ಅಲ್ಲಿಗೆ ಸಿಕ್ಕಿತು. ಪುಸ್ತಕವೇ ಸಾಕ್ಷಿಯೆಂದು ಹೆಡ್‌ಮಾಷ್ ಒಪ್ಪಿದರು. ಪರೀಕ್ಷೆಯ ಮಾರ್ಕಿಗೆ ಅದನ್ನು ಸೇರಿಸಿದರೂ ಪಾಸಾಗಲು ಇನ್ನೂ ಐದು ಬೇಕಿತ್ತು. ಮಾದೇವಿ ಪುಸ್ತಕದ ಚಿತ್ರದ ಮೇಲೆ ಬೆರಳಿಟ್ಟು ಕೇಳಿದಳು.

"ಟೀಚರ್, ನೀರಲ್ಲಿರೋ ಈ ಹುಳ ಸೊಳ್ಳೆ ಆಗೋದ ನೀವು ಕಂಡಿದ್ದೀರಾ?"

"ಚಿತ್ರದಲ್ಲಿ ಕಂಡಿದ್ದೀನಿ."

"ಚಿತ್ರ ನಾನೂ ಕಂಡೆ."

ಇಂಥ ಮಕ್ಕಳು ಟೀಚರಿಗೆ ತಲೆನೋವು, ಆದರೆ ಇಂಥವರು ಇಲ್ಲದಿದ್ದರೆ ಈ ಕೆಲಸಕ್ಕೆ ಉಪ್ಪೂ ಇಲ್ಲ ಹುಳಿಯೂ ಇಲ್ಲ. "ಹಾಗಾದರೆ ನೀನೇ ನೋಡಿ ಬಂದು ಹೇಳು, ಅದೇ ನಿನ್ನ ಪ್ರಾಜೆಕ್ಟು" ಎಂದೆ.

ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ ಒಂದೆರಡು ಬಿದ್ದಿತ್ತು. ಮಾದೇವಿಯ ಮನೆಯ ಹಿಂದೆ ಎಮ್ಮೆಗಳು ಓಡಾಡುವ ಕೆಸರಿನಲ್ಲಿ ಗೊರಸಿನ ಗುಳಿಗಳು, ಆ ಗುಳಿಗಳಲ್ಲಿ ತಿಳಿನೀರು. ತಲೆಕೆಳಗಾಗಿ ನೇತಾಡುವ ಮರಿ ಬೇರೆ ಸೊಳ್ಳೆಯದು, ನೀರಿನ ಮೇಲೆ ಸಪಾಟಾಗಿ ಮಲಗುವುದು ಜ್ವರದ ಸೊಳ್ಳೆಯದು ಎಂದು ಪುಸ್ತಕದಲ್ಲಿತ್ತು. ಮಾದೇವಿ ಮಲಗಿದವನ್ನೇ ಆರಿಸಿ ಔಷಧಿಯ ಖಾಲಿ ಬಾಟಲಿಗೆ ತುಂಬಿದಳು. ಅವಳ ಮನೆಯಲ್ಲಿ ಇಡುವಂತಿರಲಿಲ್ಲ. ತಾಯಿ ನೋಡಿದರೆ ಏನು ತಿಳಿಯುತ್ತಾಳೋ ಎಂಬ ಅಂಜಿಕೆ. ಶಾಲೆಯಲ್ಲಿ ಇಟ್ಟರೆ ಔಸೇಪ್ಪ್ ಮೀನಿಗೆ ಹಾಕುತ್ತಾನೆ. ಏಲಿಕುಟ್ಟಿ, "ನಮ್ಮನೇಲಿ ಇಡೋಣ, ಯಾರೂ ಮುಟ್ಟದ ಜಾಗ ಒಂದಿದೆ" ಎಂದಳು.

ಅವರ ಗುಡಿಸಲಿನಲ್ಲಿ ಯಾರೂ ಮುಟ್ಟದ ಜಾಗ ಒಂದೇ. ದೇವರ ಪಟದ ಕೆಳಗಿನ ಹಲಗೆ. ಅಲ್ಲಿ ವಲ್ಯಮ್ಮಚ್ಚಿ, ಅಂದರೆ ಏಲಿಯ ಅಜ್ಜಿ, ಚರ್ಚಿನಿಂದ ತಂದ ಪವಿತ್ರ ಜಲ ಇಡುತ್ತಿದ್ದಳು. ಅದೂ ಅಂಥದೇ ಔಷಧಿಯ ಬಾಟಲಿಯಲ್ಲಿ. ಏಲಿ ಅಜ್ಜಿಯ ಬಾಟಲಿಯನ್ನು ಮೇಣದ ಬತ್ತಿಯ ಹಿಂದಕ್ಕೆ ಸರಿಸಿ ಸೊಳ್ಳೆ ಮರಿಗಳನ್ನು ದೇವರ ಎದುರಿಗೆ ಇಟ್ಟಳು.

ವಲ್ಯಮ್ಮಚ್ಚಿಗೆ ಕಣ್ಣು ಮಂಜು, ಭಕ್ತಿ ಮಾತ್ರ ಚುರುಕು. ಮುಂಜಾನೆ ಎದ್ದು ಎದುರಿಗಿದ್ದ ಬಾಟಲಿ ತೆಗೆದುಕೊಂಡು ಪ್ರಾರ್ಥನೆ ಹೇಳುತ್ತಾ ಮೊದಲು ಕರುವಿಗೆ ಚಿಮುಕಿಸಿದಳು. ಆಮೇಲೆ ಹೊಸದಾಗಿ ನೆಟ್ಟ ಮೆಣಸಿನ ಬಳ್ಳಿಗಳಿಗೆ. ಆಮೇಲೆ ಮಲಗಿದ್ದ ಮಗನಿಗೆ. ಕೊನೆಗೆ ತನ್ನ ತಲೆಗೂ ನಾಲ್ಕು ಹನಿ ಹಾಕಿಕೊಂಡಳು. ಬೆಳಕು ಬಂದ ಮೇಲೆ ನೋಡುತ್ತಾಳೆ, ಬೆಳ್ಳಗೆ ಒಗೆದು ತೊಟ್ಟ ರವಿಕೆಯ ತೋಳಿನ ಮೇಲೆ ಒಂದು ಕರಿಯ ಜೀವ ಹೊರಳಾಡುತ್ತಿದೆ. ಬಾಟಲಿ ಎತ್ತಿದರೆ ಒಳಗೆ ಅದರ ಬಂಧುಬಳಗ.

ಅಜ್ಜಿ ನೇರವಾಗಿ ಪಾದ್ರಿಯ ಬಳಿಗೆ ಹೋಗಿ, "ಫಾದರೇ, ನೀವು ಮಂತ್ರ ಹೇಳಿದ ನೀರಿನಲ್ಲಿ ಹಾವಿನ ಮರಿ ಬಂದಿವೆ. ಎಲ್ಲಿ ತಪ್ಪಿದಿರಿ, ಸರಿಯಾಗಿ ನೆನಪು ಮಾಡಿಕೊಳ್ಳಿ" ಎಂದಳಂತೆ. ಪಾದ್ರಿ ಬಾಟಲಿಯನ್ನು ನೋಡಿ, ತುಟಿ ಕಚ್ಚಿ ನಗು ತಡೆದು, "ಇದು ನನ್ನ ಇಲಾಖೆಯದಲ್ಲ ಅಮ್ಮಚ್ಚಿ, ಶಾಲೆಗೆ ಹೋಗಿ ಕೇಳಿ" ಎಂದು ಕಳಿಸಿದರಂತೆ.

ಶಾಲೆಗೆ ಬಂದಳು. ಬಾಟಲಿಯನ್ನು ಕಣಾರನ್ ಮಾಷ್ ಮೇಜಿನ ಮೇಲೆ ಕುಕ್ಕಿ, "ಎಂದಾಣಿದು?" ಎಂದಳು. ಇದೇನು ಎಂದು. ಏಲಿಕುಟ್ಟಿ ಬೆಂಚಿನ ಕೆಳಗೆ ಅಡಗಿದ್ದಳು. ಅಜ್ಜಿ ತನ್ನ ದೂರನ್ನು ಕರುವಿನಿಂದ ಆರಂಭಿಸಿ ರವಿಕೆಯವರೆಗೆ ಹೇಳಿದಳು. ಇಡೀ ಶಾಲೆ ತಟ್ಟಿಯ ಸಂದಿನಿಂದ ನೋಡುತ್ತಿತ್ತು.

ಹೆಡ್‌ಮಾಷ್ ಕನ್ನಡಕ ತೆಗೆದರು. "ಟೀಚರೇ, ಆನೆ ಲದ್ದಿ ಸಹಿಸಿದೆ. ಈಗ ಮತ ಧರ್ಮದವರೆಗೂ ಬಂತು. ಇವತ್ತಿಗೆ ಈ ಕೊಸರು ಸಾಕು. ಕೊಟ್ಟದ್ದನ್ನೂ ವಾಪಸು ತಗೊಳ್ಳಿ."

ನನ್ನ ಪಿತ್ತ ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಮಾದೇವಿ ಬಾಗಿಲಿಗೆ ಬಂದು ನಿಂತಿದ್ದಳು. ಕೊಟ್ಟದ್ದನ್ನೂ ತೆಗೆದರೆ ಅವಳ ಶಾಲೆ ಅಲ್ಲಿಗೆ ಮುಗಿಯಿತು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

"ಅಮ್ಮಚ್ಚಿ, ಅದು ಪಾಂಬಲ್ಲ" ಎಂದಳು, ಹಾವಲ್ಲ ಎಂದು. ಅಷ್ಟಕ್ಕೇ ಮಲಯಾಳ ಕೈಕೊಟ್ಟಿತು. ಮುಂದೆ ಕನ್ನಡಕ್ಕೆ ಇಳಿದಳು. "ಸೊಳ್ಳೆ ಮರಿ ಕನಮ್ಮಚ್ಚಿ. ಈಗ ಮಲಗೈತೆ. ಇನ್ನು ಬೆನ್ನು ಬಗ್ತದೆ, ಊಟ ಬುಡ್ತದೆ, ಆಮೇಲೆ ರೆಕ್ಕೆ ಬತ್ತದೆ. ಅದು ಕಚ್ಚಿದ್ರೇ ಚಳಿಜ್ವರ. ನೀರು ಕುಡುದ್ರೆ ಅಲ್ಲ, ಮಿಂದ್ರೂ ಅಲ್ಲ."

ಅಜ್ಜಿಗೆ ಕನ್ನಡ ಬಾರದು. ಆದರೆ ಹುಡುಗಿಯ ಕೈ ಸಂಜ್ಞೆ ನೋಡಿ, ಬೆನ್ನು ಬಗ್ಗಿದ್ದು, ರೆಕ್ಕೆ ಬಡಿದದ್ದು ಎಲ್ಲ ತಿಳಿದುಕೊಂಡಳು. ನನ್ನ ಕಡೆ ತಿರುಗಿ, "ಇವಳು ಇದು ಕೊದುಗು ಆಗುತ್ತೆ ಅಂತಾಳಾ?" ಎಂದಳು. ಕೊದುಗು ಅಂದರೆ ಸೊಳ್ಳೆ. ಹೌದೆಂದೆ. "ಮೀನಚ್ಚಿಲ್ ಹೊಳೆ ದಡದಲ್ಲಿ ಹುಟ್ಟಿದವಳು ನಾನು. ಜೀವಮಾನವೆಲ್ಲ ಸೊಳ್ಳೆ ಕಚ್ಚಿಸಿಕೊಂಡಿದ್ದೀನಿ. ಈಜುವ ಸೊಳ್ಳೆ ನೋಡಿಲ್ಲ. ಆಗಲಿ, ಹಾರಿ ತೋರಿಸಲಿ. ಹಾರಿದರೆ ನನ್ನ ದೂರು ಇಲ್ಲ."

ಕಣಾರನ್ ಮಾಷ್ ಸಿಕ್ಕಿಬಿದ್ದರು. ದೂರು ಕೊಟ್ಟವಳೇ ಅವಕಾಶ ಕೊಟ್ಟ ಮೇಲೆ ಅವರೇನು ಮಾಡಿಯಾರು? "ಪುಸ್ತಕದಲ್ಲಿ ಇದೆ, ನಾನೂ ಪಾಠ ಮಾಡಿದ್ದೇನೆ. ಆದರೆ ಈ ಬಾಟಲಿಯಲ್ಲಿ ಆಗಬೇಕು. ಇಲ್ಲೇ ನನ್ನ ಮೇಜಿನ ಮೇಲಿರಲಿ. ಮಾರ್ಕಿನ ಪಟ್ಟಿ ಕಳಿಸುವ ಮೊದಲು ಹಾರಿದರೆ ಮಾರ್ಕು ಉಂಟು. ಇಲ್ಲದಿದ್ದರೆ ಕೊಸರು ಇಲ್ಲ" ಎಂದರು. ಬಾಟಲಿಯ ಬಾಯಿಗೆ ತೆಳ್ಳಗಿನ ಬಟ್ಟೆ ಕಟ್ಟಿದೆವು.

ಮುಂದಿನ ದಿನಗಳಲ್ಲಿ ನಮ್ಮ ಶಾಲೆಗೆ ಬಂದಷ್ಟು ಜನ ಚುನಾವಣೆಗೂ ಬಂದಿರಲಿಲ್ಲ. ವಲ್ಯಮ್ಮಚ್ಚಿ ಪ್ರಾರ್ಥನೆ ಮುಗಿಸಿ ದಿನವೂ ಹಾಜರು. "ರೆಕ್ಕೆ ಬಂತಾ?" ಎಂದು ಕೇಳಿ, ಇಲ್ಲ ಎಂದರೆ ಗೆದ್ದವಳ ಹಾಗೆ ಸೆರಗು ಕೊಡವಿ ಹೋಗುತ್ತಿದ್ದಳು. ಮೆಣಸು ಕೊಳ್ಳುವ ಅಂಗಡಿಯವನು ಬಂದು ನೋಡಿದ. ಪಾದ್ರಿ ಸೈಕಲ್ಲು ನಿಲ್ಲಿಸಿ ಇಣುಕಿದರು. ಮರಿಗಳು ಒಂದೊಂದಾಗಿ ತಲೆ ದಪ್ಪವಾಗಿ, ಬೆನ್ನು ಬಾಗಿ, ಮೇಲಕ್ಕೆ ಬಂದು ಸುಮ್ಮನೆ ನಿಂತವು. "ಸತ್ತವು" ಎಂದ ಔಸೇಪ್ಪ್. ಮಾದೇವಿ ಹತ್ತಿರ ಬಂದಳು. ಬಾಟಲಿಯನ್ನು ಬೆರಳಿನಿಂದ ತಟ್ಟಿದಳು. ಅವು ಪುಳಕ್ಕನೆ ಕೆಳಕ್ಕೆ ಹೋಗಿ ಮತ್ತೆ ಮೇಲೆ ಬಂದವು. ಆಗ ಉಸಿರು ಬಿಟ್ಟಳು. ನಾನೂ ಬಿಟ್ಟೆ.

ಪಟ್ಟಿ ಕಳಿಸುವ ದಿನ ಬಂತು. ಬೆಳಗಿನ ಪ್ರಾರ್ಥನೆಗೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತಿದ್ದೆವು. ಹೆಡ್‌ಮಾಷ್ ಮಾತ್ರ ಬರಲಿಲ್ಲ. ಒಂದು ದಿನವೂ ತಪ್ಪದ ಮನುಷ್ಯ ಎಲ್ಲಿ ಹೋದರೆಂದು ಹಾಡು ಮುಗಿದ ಕೂಡಲೇ ಒಳಗೆ ಹೋದೆ. ಹಿಂದೆಯೇ ಮಾದೇವಿ, ಏಲಿ, ಆ ಹೊತ್ತಿಗೆ ಬಂದಿದ್ದ ವಲ್ಯಮ್ಮಚ್ಚಿ. ಕಣಾರನ್ ಮಾಷ್ ಮೇಜಿನ ಮುಂದೆ ಬಗ್ಗಿ ನಿಂತಿದ್ದರು. ಬಾಟಲಿಯ ಬಟ್ಟೆ ಅವರ ಕೈಯಲ್ಲಿತ್ತು. ಬಾಟಲಿಯೊಳಗೆ ಯಾರೂ ಇರಲಿಲ್ಲ.

"ಹಾರಿಹೋದವು" ಎಂದರು, ಮೆಲ್ಲಗೆ. "ಸರಿಯಾಗಿ ಕಾಣಲಿ ಅಂತ ಬಟ್ಟೆ ಬಿಚ್ಚಿದೆ."

ಷರತ್ತಿನ ಪ್ರಕಾರ ಸಾಕ್ಷಿ ಮೇಜಿನ ಮೇಲಿರಬೇಕು. ಸಾಕ್ಷಿ ಕಿಟಕಿಯಿಂದ ಕಬಿನಿಯ ಕಡೆ ಹೋಗಿತ್ತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಾದೇವಿ ಮುಂದೆ ಬಂದು ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ಮಾಷೇ, ಅಂಗಿ ಬುಟ್ಟೋಗವೆ."

ನೀರಿನ ಮೇಲೆ ಬೆನ್ನು ಸೀಳಿದ ತೆಳ್ಳನೆಯ ಪೊರೆಗಳು ತೇಲುತ್ತಿದ್ದವು. ಕಣಾರನ್ ಮಾಷ್ ಅವನ್ನು ನೋಡಿದರು. ಆಮೇಲೆ ಆ ಮನುಷ್ಯನಿಗೆ ಏನಾಯಿತೋ ಕಾಣೆ. "ಹೌದು, ಅಲ್ಲೇ, ಆ ಬೆನ್ನು ಸೀಳಿತು" ಎಂದು ತಾವೇ ಆರಂಭಿಸಿದರು. "ಮೊದಲು ತಲೆ. ಆಮೇಲೆ ಕಾಲು ಎಳೆದುಕೊಳ್ತು, ಒದ್ದೆ ಪಂಚೆ ಕಳಚುವ ಹಾಗೆ. ಅದೇ ಅಂಗಿಯ ಮೇಲೆ ದೋಣಿಯ ಮೇಲೆ ನಿಂತ ಹಾಗೆ ನಿಂತಿತು ಟೀಚರೇ. ರೆಕ್ಕೆ ಒಣಗಿಸಿಕೊಂಡಿತು. ಆಮೇಲೆ..." ಕೈಯೆರಡನ್ನೂ ಭುಜದ ಮೇಲಕ್ಕೆತ್ತಿ ತೋರಿಸಿದರು. ಅಷ್ಟು ವರ್ಷ ಪಾಠ ಮಾಡಿದ್ದನ್ನು ಅವರು ಅವತ್ತು ಮೊದಲ ಸಲ ನೋಡಿದ್ದರು. ಮುಖ ಹುಡುಗನ ಮುಖದ ಹಾಗೆ ಆಗಿತ್ತು.

"ಅಂಗಿ ಸಾಕ್ಷಿ, ನಾನು ಸಾಕ್ಷಿ" ಎಂದು ಪಟ್ಟಿ ಎಳೆದುಕೊಂಡು ಮಾದೇವಿಯ ಹೆಸರಿನ ಮುಂದೆ, ಏಲಿಯ ಹೆಸರಿನ ಮುಂದೆ ತಾವೇ ಐದೈದು ಬರೆದರು. "ಒಂದು ನನಗೆ ಕಚ್ಚಿಯೂ ಇದೆ. ಮೇಲಿನವರು ಬಂದರೆ ಇದನ್ನೂ ತೋರಿಸ್ತೀನಿ" ಎಂದು ಮೊಣಕೈ ಚಾಚಿದರು. ಆಗ ತಾನೇ ಹುಟ್ಟಿದ ಸೊಳ್ಳೆ ಹುಟ್ಟಿದ ಗಳಿಗೆಗೇ ಕಚ್ಚುವುದಿಲ್ಲ, ಅದು ಇನ್ಯಾವುದೋ ಸೊಳ್ಳೆಯ ಕೆಲಸ. ವಿಜ್ಞಾನದ ಟೀಚರಾಗಿ ನಾನು ತಿದ್ದಬೇಕಿತ್ತು, ತಿದ್ದಲಿಲ್ಲ. "ನಿಮಗೂ ಐದು ಕೊಸರು ಮಾಷೇ" ಎಂದಷ್ಟೇ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು. ಆ ಸಲ ಅದು 'ಇಲ್ಲ' ಎಂದು ಅನ್ನಿಸಲಿಲ್ಲ.

ವಲ್ಯಮ್ಮಚ್ಚಿ ಪೊರೆಗಳನ್ನು ಬಹಳ ಹೊತ್ತು ನೋಡಿ ಹೋದಳು. ಮುಂದಿನ ಭಾನುವಾರ ಚರ್ಚಿನಲ್ಲಿ ಪಾದ್ರಿ ಬಾಟಲಿ ತುಂಬಿ ಕೊಟ್ಟಾಗ ಅದನ್ನು ಬಿಸಿಲಿಗೆ ಎತ್ತಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಆಮೇಲೆ ಬಿರಡೆ ಹಾಕಿದಳಂತೆ. ಹಿಂದೆ ನಿಂತಿದ್ದ ಅಜ್ಜಿಯರೂ ಹಾಗೇ ಮಾಡಿದರಂತೆ. ಆ ಊರಿನಲ್ಲಿ ಅದು ಪದ್ಧತಿಯೇ ಆಗಿಹೋಯಿತು. ಈಗಲೂ ಆ ಕಡೆಯ ಕೆಲವು ಮನೆಗಳಲ್ಲಿ ಯಾಕೆಂದು ಗೊತ್ತಿಲ್ಲದೆ ಹಾಗೆ ಮಾಡುವವರಿದ್ದಾರೆ.

ಅದಕ್ಕೇ ಹೇಳುತ್ತೇನೆ ತಾಯಿ. ಪ್ರಾಜೆಕ್ಟನ್ನು ಅಪ್ಪ ಅಮ್ಮ ಮಾಡಿಕೊಟ್ಟರೆ ಬೇಸರ ಮಾಡಬೇಡ. ಮಗು ಮಾಡಿದ್ದನ್ನು ಅಪ್ಪ ಅಮ್ಮ ನೋಡುವ ಹಾಗೆ ಮಾಡು. ಜ್ವಾಲಾಮುಖಿ ಬಿಡು, ಅದು ವಯನಾಡಿನಲ್ಲಿ ಯಾರ ಮನೆಯ ಹಿಂದೆಯೂ ಇಲ್ಲ. ಹಿತ್ತಲಲ್ಲಿ ಏನಿದೆಯೋ ಅದನ್ನು ಕೇಳು.

ಫಲಿತಾಂಶದ ದಿನ ಮಕ್ಕಳೆಲ್ಲ ಹಲಗೆಯ ಮುಂದೆ ಮುಗಿಬಿದ್ದಿದ್ದರು. ಮಾಸ್ತಿಗೌಡ ಬಂದಿದ್ದ. ಹಲಗೆಯ ಕಡೆ ಹೋಗದೆ ಬೇಲಿಯ ಹತ್ತಿರವೇ ನಿಂತಿದ್ದ. ನಾನು ಹೋಗಿ ಮಾತಾಡಿಸಿದೆ. ಅವನು ಹೆಗಲ ಮೇಲಿನ ಟವೆಲನ್ನು ಕೈಗೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಿದ್ದ.

"ಟೀಚರವ್ವ, ಒಂದ್ ಮಾತ್ ಕೇಳ್ತೀನಿ, ದಿಟ ಯೋಳ್ಬೇಕು. ನನ್ ಮಗಳು ಮನೇಲಿ ದಿನಾ ಯೋಳ್ತಾಳೆ, ಅವ್ಳ ಅವ್ವನ್ಗೂ ಯೋಳ್ತಾಳೆ. ಮಗೀಗೆ ಜರ ಬಂದದ್ದು ಹೊಸ ನೀರಿಂದ ಅಲ್ವಂತೆ. ನಮ್ಮನ ಸಮಾಧಾನಕ್ಕೆ ಕತೆ ಕಟ್ಟವ್ಳಾ, ಇಲ್ಲ ದಿಟವಾ?"

"ದಿಟ ಗೌಡ್ರೇ. ಹೊಳೆ ನೀರಿಂದ ಬರೋ ಜ್ವರ ಅಲ್ಲ ಅದು. ಸೊಳ್ಳೆಯಿಂದಲೇ. ಅವಳು ಕಣ್ಣಾರೆ ನೋಡಿ, ಓದಿ ತಿಳಿದೇ ಹೇಳಿದ್ದಾಳೆ."

"ನಾ ಮೀಸಿದ್ದಕ್ಕಲ್ಲ?"

"ನೀವು ಮೀಸಿದ್ದಕ್ಕಲ್ಲ."

ಅವನು ಅಲ್ಲೇ ಬೇಲಿಯ ಬುಡದಲ್ಲಿ ಕೂತುಬಿಟ್ಟ. ಟವೆಲು ಮುಖಕ್ಕೆ ಒತ್ತಿಕೊಂಡ. ಮಾದೇವಿ ಹಲಗೆಯ ಕಡೆಯಿಂದ ಓಡಿ ಬರುತ್ತಿದ್ದವಳು ಅಪ್ಪನನ್ನು ನೋಡಿ ದೂರದಲ್ಲೇ ನಿಂತಳು. ಅಷ್ಟು ವರ್ಷದ ಕೆಲಸದಲ್ಲಿ ನನಗೆ ಅಷ್ಟು ದೊಡ್ಡ ಪರೀಕ್ಷೆ ಯಾರೂ ಮಾಡಿರಲಿಲ್ಲ.

ಆಮೇಲೆ ಮುಖ ಒರೆಸಿಕೊಂಡು ಎದ್ದು, ಬಂದ ಕೆಲಸ ಈಗ ನೆನಪಾದವನ ಹಾಗೆ ಕೇಳಿದ. "ಪಾಸಾದ್ಲಾ?"

"ಪಾಸು."

"ದೊಡ್ಡ ಇಸ್ಕೂಲು ಯಾವತ್ತು ತಗೀತಾರೆ?"

ಜೂನಿನಲ್ಲಿ ಎಂದೆ. ತಲೆಯಾಡಿಸಿ ಮಗಳ ಕಡೆ ನಡೆದ. ಗದ್ದೆಯ ದಾರಿಯಲ್ಲಿ ಇಬ್ಬರೂ ಹಿಂದೆ ಮುಂದೆ ಹೋಗುವುದನ್ನು ನಾನು ನೋಡುತ್ತಾ ನಿಂತಿದ್ದೆ. ಬದುವಿನ ಪಕ್ಕ ಎಮ್ಮೆಯ ಗೊರಸಿನ ಗುಳಿಯೊಂದರಲ್ಲಿ ನೀರು ನಿಂತು ಹೊಳೆಯುತ್ತಿತ್ತು. ಮಾಸ್ತಿಗೌಡ ದಾಟಿ ಹೋದವನು ತಿರುಗಿ ಬಂದ, ಹಿಮ್ಮಡಿಯಿಂದ ಮಣ್ಣು ನೂಕಿ ಗುಳಿಯನ್ನು ಮುಚ್ಚಿದ, ಮೆಟ್ಟಿ ಗಟ್ಟಿ ಮಾಡಿದ. ಮುಂದಿನ ಗುಳಿಯನ್ನು ಮಾದೇವಿ ಮುಚ್ಚಿದಳು.